ತಿಪ್ಪೆಯ ದುಂಬಿ, ಕಾಂಡದ ದುಂಬಿ

ಹೋದ ತಿಂಗಳು ಹಾಸ್ಟೆಲ್ ಊಟದ ಸಾಲಿನಲ್ಲಿ ಶುರುವಾದ ಒಂದು ಜಗಳ ಇನ್ನೂ ಮುಗಿದಿಲ್ಲ. ಜಗಳ ಆಡಿದವರು ನನ್ನ ಇಬ್ಬರು ಗೆಳೆಯರು. ಒಬ್ಬ ಬಾಣಾವರದ ಕಡೆಯವನು, ಇನ್ನೊಬ್ಬ ಅರೇಹಳ್ಳಿಯ ಕಡೆಯವನು. ಇಬ್ಬರ ಮನೆಯಿಂದಲೂ ಅದೇ ವಾರ ಹೆಚ್ಚು ಕಡಿಮೆ ಒಂದೇ ತರಹದ ಫೋನ್ ಬಂದಿತ್ತು. ಬಾಣಾವರದವನ ಮನೆಯಲ್ಲಿ ತೆಂಗಿನ ಸಸಿಗಳ ಸುಳಿಯನ್ನು ದುಂಬಿ ಕೊರೆದಿತ್ತು. ಅರೇಹಳ್ಳಿಯವನ ಮಾಮು ಮೇಸ್ತ್ರಿಯಾಗಿರುವ ಕಾಫಿ ತೋಟದಲ್ಲಿ ಬೋರರ್ ಹಿಡಿದ ಗಿಡಗಳನ್ನು ಕಿತ್ತು ಸುಡುತ್ತಿದ್ದರು. "ನಿಮ್ಮದು ಏನ್ ಮಹಾ, ಗರಿ ತಾನೇ ಹೋಗೋದು, ಮರ ಇರುತ್ತಲ್ಲ" ಎಂದ ಅರೇಹಳ್ಳಿಯವನು. "ಮೂರು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿಕೊಂಡ ಸಸಿ ಕಣೋ" ಎಂದು ಇವನು ತಟ್ಟೆ ಕೆಳಗಿಟ್ಟ. ನನ್ನ ಊರು ಹಳೇಬೀಡಿನ ಹತ್ತಿರ, ಇಬ್ಬರಿಗೂ ಮಧ್ಯ. ಹಾಗಾಗಿ ಯಾವ ಹುಳ ಹೆಚ್ಚು ಕೆಟ್ಟದ್ದು ಎಂದು ತೀರ್ಪು ಹೇಳುವ ಕೆಲಸ ನನ್ನ ಮೇಲೆ ಬಿತ್ತು.

ತೀರ್ಪು ಕೊಡುವ ಮೊದಲು ಎರಡನ್ನೂ ತಿಳಿದುಕೊಳ್ಳೋಣ ಎಂದು ಹೊರಟೆ. ಜೀವಶಾಸ್ತ್ರದ ಸರ್ ಹತ್ತಿರ ಕೇಳಿದೆ, ಊರಿಗೆ ಹೋದಾಗ ತಿಪ್ಪೆ ಕೆದಕಿದೆ, ಒಂದು ಭಾನುವಾರ ಅರೇಹಳ್ಳಿಗೂ ಹೋಗಿ ಬಂದೆ. ಈಗ ನನಗೆ ಅನಿಸುವುದು ಇಷ್ಟು: ಗೆಳೆಯರು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ಎರಡೂ ದುಂಬಿಗಳೇ, ಎರಡೂ ನಮ್ಮ ಹಾಸನ ಜಿಲ್ಲೆಯಲ್ಲೇ ಇರುವಂಥವು. ಆದರೆ ಒಂದರ ಬದುಕಿಗೂ ಇನ್ನೊಂದರ ಬದುಕಿಗೂ ಸಂಬಂಧವೇ ಇಲ್ಲ. ಅದನ್ನು ನೋಡದೆ ನಾವು ಎರಡಕ್ಕೂ "ಏನಾದರೂ ಔಷಧಿ ಹೊಡೀರಿ" ಎಂಬ ಒಂದೇ ಮಾತು ಹೇಳುತ್ತಿದ್ದೇವೆ. ಸೋಲುತ್ತಿರುವುದು ಅಲ್ಲೇ.

ಮೊದಲು ನಮ್ಮ ಪಠ್ಯಪುಸ್ತಕದ ಮೇಲೆ ಒಂದು ದೂರು. ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟಿರುವ ಪ್ರಾಣಿ ಪ್ರಭೇದಗಳಲ್ಲಿ ಸುಮಾರು ಕಾಲು ಭಾಗ ದುಂಬಿಗಳೇ. ಮೂರೂವರೆ ಲಕ್ಷಕ್ಕೂ ಹೆಚ್ಚು ಬಗೆ. ಆದರೆ ಪ್ರಥಮ ಪಿಯುಸಿಯಲ್ಲಿ ಆರ್ಥ್ರೊಪೋಡಾ ಬರುವ ಜಾಗದಲ್ಲಿ ಜೇನುನೊಣ, ರೇಷ್ಮೆಹುಳು, ಅರಗಿನ ಹುಳು, ಮೂರು ಬಗೆಯ ಸೊಳ್ಳೆ, ಒಂದು ಮಿಡತೆ, ಕೊನೆಗೆ ಲಿಮ್ಯುಲಸ್. ದುಂಬಿ ಇಲ್ಲ. ದ್ವಿತೀಯ ಪಿಯುಸಿಯಲ್ಲಿ ಗಿಡಹೇನು ತಿನ್ನುವ ಗುಲಗಂಜಿ ಹುಳು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಸಮುದ್ರದ ಲಿಮ್ಯುಲಸ್ 'ಜೀವಂತ ಪಳೆಯುಳಿಕೆ' ಎಂದು ನೀಟ್‌ಗಾಗಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅರಸೀಕೆರೆಯಲ್ಲಿ ಅದನ್ನು ಯಾರೂ ಕಣ್ಣಾರೆ ಕಾಣುವುದಿಲ್ಲ. ಮನೆಯ ತೆಂಗನ್ನು ತಿನ್ನುವ ಹುಳದ ಹೆಸರು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ರೈನೋಸಿರಸ್ ದುಂಬಿಯನ್ನು ನೋಡದವರು ನಮ್ಮಲ್ಲಿ ಕಡಿಮೆ. ಮಳೆ ಶುರುವಾದ ಮೇಲೆ ರಾತ್ರಿ ಬೀದಿದೀಪದ ಕೆಳಗೆ ಟಪ್ಪೆಂದು ಬಿದ್ದು, ಅಂಗಾತನಾಗಿ ಕಾಲು ಆಡಿಸುತ್ತಿರುವ ಆ ದಪ್ಪ ಕರಿ ದುಂಬಿ ಅದೇ. ನಾಲ್ಕು ಸೆಂಟಿಮೀಟರ್ ಆಸುಪಾಸಿನ ಉದ್ದ, ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು. ಗಂಡಿನ ಕೊಂಬು ಉದ್ದ, ಹೆಣ್ಣಿನದು ಗಿಡ್ಡ. ಚಿಕ್ಕವರಿದ್ದಾಗ ದಾರ ಕಟ್ಟಿ ಹಾರಿಸಿದವರೂ ನಮ್ಮಲ್ಲಿದ್ದಾರೆ. ಒರಿಕ್ಟಿಸ್ ರೈನೋಸಿರಸ್ ಎಂದು ಅದರ ವೈಜ್ಞಾನಿಕ ಹೆಸರು. ರಾತ್ರಿ ಹೊತ್ತು ತೆಂಗಿನ ತಲೆಗೆ ಹಾರಿ, ಇನ್ನೂ ಬಿಚ್ಚದ ಸುಳಿಯೊಳಗೆ ತೂತು ಕೊರೆದು ರಸ ಹೀರುತ್ತದೆ. ಅಗಿದ ನಾರು ತೂತಿನಿಂದ ಹೊರಗೆ ಬಂದಿರುತ್ತದೆ. ಕಾಗದವನ್ನು ಮಡಿಸಿ ಒಂದು ಕಡೆ ಕತ್ತರಿಸಿ ಬಿಚ್ಚಿದರೆ ಎರಡೂ ಬದಿಯಲ್ಲಿ ಒಂದೇ ತರಹದ ಕಚ್ಚು ಬರುವುದಿಲ್ಲವೇ, ಮುಂದೆ ಆ ಗರಿ ಬಿಚ್ಚಿಕೊಂಡಾಗ ಹಾಗೇ ಕಾಣುತ್ತದೆ. ಅರಸೀಕೆರೆಯಿಂದ ತಿಪಟೂರಿನ ತನಕ ರೈಲಿನ ಕಿಟಕಿಯಿಂದ ನೋಡಿ. ಕತ್ತರಿ ಆಡಿಸಿದ ಹಾಗಿರುವ ಗರಿಗಳು ಕಣ್ಣಿಗೆ ಬೀಳುತ್ತವೆ.

ದೊಡ್ಡ ಮರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಎಳೆಯ ಸಸಿಯಲ್ಲಿ ಬೆಳೆಯುವ ತುದಿಯೇ ಹೋದರೆ ಸಸಿ ಸತ್ತಂತೆ. ಬಾಣಾವರದ ಗೆಳೆಯನ ಸಿಟ್ಟಿಗೆ ಅರ್ಥ ಇದೆ. ಇನ್ನೊಂದು ಅಪಾಯವೂ ಉಂಟು. ಈ ದುಂಬಿ ಮಾಡಿದ ಗಾಯದೊಳಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ. ಅದೂ ದುಂಬಿಯ ಕುಲದ್ದೇ. ಅದು ಒಳಹೊಕ್ಕ ಮರವನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಇಷ್ಟು ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು ಅದರ ಬಾಲ್ಯ. ಈ ದುಂಬಿ ತೆಂಗಿನ ಸುಳಿಯಲ್ಲಿ ಹುಟ್ಟುವುದೂ ಇಲ್ಲ, ಬೆಳೆಯುವುದೂ ಇಲ್ಲ. ಹುಟ್ಟುವುದು ನಮ್ಮ ತಿಪ್ಪೆಯಲ್ಲಿ, ಕೊಳೆತು ಬಿದ್ದ ತೆಂಗಿನ ಬೊಡ್ಡೆಯಲ್ಲಿ. ಒಂದು ಹೆಣ್ಣು ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಹತ್ತು ಹನ್ನೆರಡು ದಿನಕ್ಕೆ ಮರಿ. ನಾಲ್ಕು ತಿಂಗಳ ಹತ್ತಿರ ಆ ಮರಿ ಸಗಣಿ ಗೊಬ್ಬರ ತಿಂದುಕೊಂಡು ಅಲ್ಲೇ ಇರುತ್ತದೆ. ಬಿಳಿ ಮೈ, ಕಂದು ತಲೆ, ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಸುತ್ತಿಕೊಂಡು ಮಲಗಿರುತ್ತದೆ. ಆಮೇಲೆ ಮೂರು ನಾಲ್ಕು ವಾರ ಕೋಶ. ನಂತರ ರೆಕ್ಕೆ ಬಂದು ಹಾರುತ್ತದೆ. ಈ ನಾಲ್ಕು ತಿಂಗಳಲ್ಲಿ ಅದು ಒಂದು ಹಸಿರೆಲೆಯನ್ನೂ ಮುಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಗೊಬ್ಬರ ಪುಡಿ ಮಾಡಿ ನಮಗೇ ಉಪಕಾರ ಮಾಡುತ್ತಿರುತ್ತದೆ.

ನಮ್ಮ ದಾದಾಗೆ ಈ ಮರಿ ಚೆನ್ನಾಗಿ ಗೊತ್ತು. ಗೊಣ್ಣೆಹುಳ ಎನ್ನುತ್ತಾರೆ. ಗೊಬ್ಬರ ತೆಗೆಯುವಾಗ ಸಿಕ್ಕಿದರೆ ಕೋಳಿಗೆ ಎಸೆಯುತ್ತಾರೆ. ಸುಳಿ ಕೊರೆಯುವ ಕರಿ ದುಂಬಿಯೂ ಅವರಿಗೆ ಗೊತ್ತು. ಆದರೆ ಎರಡೂ ಒಂದೇ ಎಂದು ಹೇಳಿದಾಗ ಒಪ್ಪಲಿಲ್ಲ. "ಅದು ಬೇರೆ, ಇದು ಬೇರೆ ಬೇಟಾ. ಅದು ಗೊಬ್ಬರದ್ದು, ಇದು ಮರದ್ದು" ಎಂದರು. ತಿಪ್ಪೆಯ ತಳದ ಮಣ್ಣು ಕೆದಕುವಾಗ ಒಂದು ಉಂಡೆ ಸಿಕ್ಕಿತು. ಒಡೆದರೆ ಒಳಗೆ ಕಂದು ಬಣ್ಣದ ಕೋಶ, ಅದರ ತಲೆಯ ಮೇಲೆ ಆಗಲೇ ಕೊಂಬಿನ ಮೊನೆ. ದಾದಾ ಅದನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಸಂಜೆ ಅವರೇ ಗುದ್ದಲಿ ತೆಗೆದುಕೊಂಡು ತಿಪ್ಪೆಯ ಹತ್ತಿರ ಹೋದರು.

ಇನ್ನು ಬೇಲೂರಿನ ದುಂಬಿ. ಕಾಫಿಯ ಬಿಳಿ ಕಾಂಡಕೊರಕ, ಜೈಲೊಟ್ರೆಕಸ್ ಕ್ವಾಡ್ರಿಪೆಸ್. ತೋಟದಲ್ಲಿ ಎಲ್ಲರೂ ಬೋರರ್ ಎಂದೇ ಕರೆಯುವುದು. ತೆಳ್ಳಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಉದ್ದ, ಕಪ್ಪು ಮೈಮೇಲೆ ಬಿಳಿ ಪಟ್ಟೆ. ನೋಡಲು ಚೆಂದವಾಗಿದೆ. ಅದಕ್ಕೆ ರಾತ್ರಿ ಬೇಡ, ಬಿಸಿಲು ಬೇಕು. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಮ್ಮೆ ಹಾರಾಡುತ್ತದೆ. ಹೆಣ್ಣು ದುಂಬಿ ಬಿಸಿಲು ಬೀಳುವ ಅರೇಬಿಕಾ ಗಿಡವನ್ನು ಹುಡುಕಿ, ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ದೊಡ್ಡದಾದ ಮೇಲೆ ಅದು ಗಿಡಕ್ಕೆ ಮಾಡುವ ಹಾನಿ ಇಲ್ಲವೆಂದೇ ಹೇಳಬೇಕು. ಕೆಲವು ವಾರ ಬದುಕಿ, ಮೊಟ್ಟೆ ಇಟ್ಟು ಸಾಯುತ್ತದೆ.

ಹಾನಿ ಮಾಡುವುದು ಮರಿ. ಮೊದಲು ತೊಗಟೆಯ ಕೆಳಗೆ ಓಡಾಡುತ್ತದೆ. ಆಗ ಕಾಂಡದ ಮೇಲೆ ಉಬ್ಬಿದ ಗೆರೆಗಳು ಕಾಣುತ್ತವೆ. ಎರಡು ತಿಂಗಳಾದ ಮೇಲೆ ಮರದ ಒಳಕ್ಕೆ ಹೋಗುತ್ತದೆ. ಬೇರಿನ ತನಕವೂ ಕೊರೆಯಬಲ್ಲದು. ಒಂಬತ್ತು ಹತ್ತು ತಿಂಗಳು ಹೊರಜಗತ್ತು ನೋಡುವುದಿಲ್ಲ. ಕೊರೆದ ಸುರಂಗವನ್ನು ತನ್ನದೇ ಹಿಕ್ಕೆ, ಪುಡಿಯಿಂದ ಗಟ್ಟಿಯಾಗಿ ತುಂಬಿಕೊಂಡು ಮುಂದೆ ಹೋಗುತ್ತದೆ. ಹೊರಗಿನಿಂದ ಏನು ಹೊಡೆದರೂ ಒಳಗೆ ತಲುಪುವುದಿಲ್ಲ. ಎಲೆ ಹಳದಿಯಾಗಿ ಗಿಡ ಬಾಡುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ. ಎಳೆಯ ಗಿಡ ಒಂದು ವರ್ಷದಲ್ಲಿ ಹೋಗಬಹುದು. ಹಳೆಯ ಗಿಡ ನಾಲ್ಕೈದು ವರ್ಷ ಎಳೆದಾಡುತ್ತದೆ, ಫಸಲು ಮಾತ್ರ ಇಳಿಯುತ್ತಲೇ ಹೋಗುತ್ತದೆ.

ಬೇಲೂರಿನವರಿಗೆ ಕಪ್ಪೆ ಚೆನ್ನಿಗರಾಯನ ಕಥೆ ಹೇಳಬೇಕಾಗಿಲ್ಲ. ಶಿಲ್ಪಿಯ ಮಗ ಬಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದದ್ದು, ಗಂಧ ಬಳಿದಾಗ ಹೊಟ್ಟೆಯ ಭಾಗ ಮಾತ್ರ ಒಣಗದೆ ಉಳಿದದ್ದು, ಉಳಿಯೇಟು ಬಿದ್ದಾಗ ಒಳಗಿನಿಂದ ಕಪ್ಪೆ ಹಾರಿದ್ದು. ಐತಿಹ್ಯ, ಇರಲಿ. ನಮ್ಮ ಮನೆಗಳಲ್ಲಿ ಹೇಳುವ ಇನ್ನೊಂದು ಪ್ರಸಂಗ ಸೂರಾ ಸಬಾದಲ್ಲಿದೆ. ಪ್ರವಾದಿ ಸುಲೈಮಾನ್ (ಅ) ಊರುಗೋಲಿಗೆ ಒರಗಿದಂತೆಯೇ ನಿಧನರಾದರು. ಅವರು ನಿಂತೇ ಇದ್ದಾರೆಂದು ಜಿನ್ನ್‌ಗಳು ಕೆಲಸ ಮುಂದುವರಿಸಿದರು. ಮಣ್ಣಿನ ಒಂದು ಜೀವಿ ಕೋಲನ್ನು ತಿಂದು ಮುಗಿಸಿ, ದೇಹ ಕೆಳಗೆ ಬಿದ್ದ ಮೇಲೆಯೇ ಅವರಿಗೆ ಗೊತ್ತಾದದ್ದು. ಆ ಜೀವಿ ಗೆದ್ದಲು ಎನ್ನುವವರಿದ್ದಾರೆ, ಮರ ಕೊರೆಯುವ ಹುಳು ಎನ್ನುವವರೂ ಇದ್ದಾರೆ. ಅರೇಹಳ್ಳಿಯ ತೋಟದಲ್ಲಿ ಆ ಮಾಮು ಒಂದು ಗಿಡವನ್ನು ಮೊಣಕಾಲಿಗೆ ಒತ್ತಿ ಲಟಕ್ಕನೆ ಮುರಿದು ತೋರಿಸಿದಾಗ ನನಗೆ ನೆನಪಾದದ್ದು ಆ ಕೋಲು. ಮೇಲೆ ಹಸಿರೆಲೆ ಇತ್ತು, ಕಾಯಿಯೂ ಇತ್ತು.

ಹೀಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ತೆಂಗಿನ ದುಂಬಿಯಲ್ಲಿ ಮರಿ ನಿರಪರಾಧಿ, ದೊಡ್ಡದು ಅಪರಾಧಿ. ಕಾಫಿಯ ದುಂಬಿಯಲ್ಲಿ ದೊಡ್ಡದು ನಿರಪರಾಧಿ, ಮರಿ ಅಪರಾಧಿ. ಒಂದಕ್ಕೆ ಕೊಳೆತದ್ದು ಬೇಕು, ಇನ್ನೊಂದಕ್ಕೆ ಜೀವಂತ ಮರವೇ ಆಗಬೇಕು. ಒಂದು ಕತ್ತಲಲ್ಲಿ ಬರುತ್ತದೆ, ಇನ್ನೊಂದು ನಡುಬಿಸಿಲಲ್ಲಿ. ಆದರೂ ನಾವು ಎರಡು ಕಡೆಯೂ ಮಾಡುವ ತಪ್ಪು ಒಂದೇ. ಹಾನಿ ಕಂಡ ಜಾಗಕ್ಕೆ ಹೊಡೆಯುತ್ತೇವೆ. ತೆಂಗಿನ ತಲೆಗೆ ಹೊಡೆದರೆ ಕೆಳಗೆ ತಿಪ್ಪೆಯಲ್ಲಿ ಮುಂದಿನ ಪೀಳಿಗೆ ಹಾಯಾಗಿರುತ್ತದೆ. ಕಾಫಿಯ ಕಾಂಡಕ್ಕೆ ತಡವಾಗಿ ಹೊಡೆದರೆ ಮರಿ ಅಷ್ಟು ಹೊತ್ತಿಗೆ ಒಳಮನೆ ಸೇರಿ ಬಾಗಿಲು ಹಾಕಿಕೊಂಡಿರುತ್ತದೆ.

ಹೊಡೆದದ್ದು ಎಲ್ಲಿಗೆ ಹೋಯಿತು ಎಂಬುದನ್ನೂ ಕೇಳಬೇಕು. ಒಂದು ಕಾಲಕ್ಕೆ ಊರೂರಲ್ಲೂ ಬಿ.ಎಚ್.ಸಿ. ಪುಡಿ ಬಳಸುತ್ತಿದ್ದರು. 1997ರಲ್ಲಿ ದೇಶದಲ್ಲಿ ಅದನ್ನು ನಿಷೇಧಿಸಿದರು. ಕಾಫಿಯ ಕಾಂಡಕ್ಕೆ ಬಳಿಯುತ್ತಿದ್ದ ಲಿಂಡೇನ್ ಬಳಕೆಗೆ 2013ರಲ್ಲಿ ತೆರೆ ಬಿತ್ತು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ, ಹಾಲಿನ ತನಕ ಬರುವ ವಿಷಗಳು ಇವು. ಬಳಿದವರು ಯಾರು? ತೋಟದ ಮಾಲೀಕರಲ್ಲ. ಕೂಲಿಗೆ ಹೋದ ನಮ್ಮವರೇ, ಬರಿಗೈಯಲ್ಲಿ.

ಹುಳದ ಬದುಕು ನೋಡಿ ಕೆಲಸ ಮಾಡಿದವರೂ ಇದ್ದಾರೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ನಮ್ಮ ಇದೇ ಕೊಂಬಿನ ದುಂಬಿ 1909ರಲ್ಲಿ ಸಿಲೋನಿನಿಂದ ಹೋದ ರಬ್ಬರ್ ಸಸಿಗಳ ಜೊತೆ ಸೇರಿಕೊಂಡಿತ್ತು. ಅಲ್ಲಿನ ತೆಂಗನ್ನೆಲ್ಲ ಹಾಳುಗೆಡವಿತು. 1963ರಲ್ಲಿ ಜರ್ಮನಿಯ ಅಲೋಯಿಸ್ ಹ್ಯೂಗರ್ ಎಂಬ ವಿಜ್ಞಾನಿ ಮಲೇಷ್ಯಾದಲ್ಲಿ ಈ ದುಂಬಿಗೆ ತಗಲುವ ಒಂದು ವೈರಸ್ ಕಂಡುಹಿಡಿದರು. 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟರು, ದುಂಬಿಯ ಸಂಖ್ಯೆ ಇಳಿಯಿತು. ದ್ವಿತೀಯ ಪಿಯುಸಿಯಲ್ಲಿ ಬ್ಯಾಕ್ಯುಲೋವೈರಸ್ ಎಂದು ಓದುತ್ತೇವಲ್ಲ, ಮೊದಲು ಇದನ್ನೂ ಅದೇ ಗುಂಪಿಗೆ ಸೇರಿಸಿದ್ದರು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ನಮ್ಮ ಲಕ್ಷದ್ವೀಪದಲ್ಲಿಯೂ ಇದನ್ನು ಬಿಟ್ಟಿದ್ದಾರೆ. ತಿಪ್ಪೆಗೆ ಹಾಕುವ ಮೆಟರೈಝಿಯಂ ಎಂಬ ಹಸಿರು ಶಿಲೀಂಧ್ರವೂ ಇದೆ. ಅದು ಮರಿಯ ಮೈಮೇಲೆ ಬೆಳೆದು ಕೊಲ್ಲುತ್ತದೆ. ಸುಳಿಯ ಪಕ್ಕದ ಗರಿಗಳ ಬುಡಕ್ಕೆ ಬೇವಿನ ಹಿಂಡಿಯ ಪುಡಿಯನ್ನು ಮರಳಿನ ಜೊತೆ ಬೆರೆಸಿ ಹಾಕುವುದು, ಕಬ್ಬಿಣದ ಕೊಕ್ಕೆಯಿಂದ ದುಂಬಿ ಎಳೆದು ತೆಗೆಯುವುದು ಹಳೆಯ ದಾರಿಗಳು, ಈಗಲೂ ನಡೆಯುತ್ತವೆ. ಎಲ್ಲಕ್ಕಿಂತ ಸುಲಭದ್ದು ಲೆಕ್ಕ: ಮರಿ ಬೆಳೆಯಲು ನಾಲ್ಕು ತಿಂಗಳು ಬೇಕು, ಎರಡು ಮೂರು ತಿಂಗಳಿಗೊಮ್ಮೆ ತಿಪ್ಪೆ ಮಗುಚಿ ಕೋಳಿ ಬಿಟ್ಟರೆ ಅದಕ್ಕೆ ಕೊಂಬು ಬರುವುದೇ ಇಲ್ಲ.

ಕಾಫಿಯಲ್ಲಿ ಮುಖ್ಯ ಮದ್ದು ನೆರಳು. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ ಅರೇಬಿಕಾ ಇಲ್ಲಿ ಬೆಳೆದದ್ದು ಕಾಡುಮರಗಳ ಕೆಳಗೆ. ಮರಗಸಿ ಅತಿಯಾದರೆ, ದೊಡ್ಡ ಮರ ಕಡಿದು ಮಾರಿದರೆ, ಬಿಸಿಲು ನೇರ ಕಾಂಡಕ್ಕೆ ಬೀಳುತ್ತದೆ. ಬೋರರ್‌ಗೆ ಅದೇ ಬೇಕಾಗಿರುವುದು. ಬೇಸತ್ತ ಎಷ್ಟೋ ಜನ ಅರೇಬಿಕಾ ತೆಗೆದು ರೋಬಸ್ಟಾ ಹಾಕಿದ್ದಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ನೂರು ವರ್ಷದ ಸಂಶೋಧನೆಯ ನಂತರವೂ ಅವರು ಹೇಳುವ ಮೊದಲ ಮಾತು ಇದೇ: ನೆರಳು ಕಾಪಾಡಿ, ಹಾರಾಟದ ಕಾಲಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹುಳ ಹಿಡಿದ ಗಿಡ ಗುರುತಿಸಿ ಕಿತ್ತು ಸುಡಿ. ಇನ್ನೊಂದು ಕೆಲಸ ಕೇಳಿ ನನಗೆ ಬಹಳ ಖುಷಿಯಾಯಿತು. ಮೊಟ್ಟೆ ಇಡಲು ಬಿರುಕೇ ಸಿಗದಂತೆ ಕಾಂಡದ ಒರಟು ತೊಗಟೆಯನ್ನು ಉಜ್ಜಿ ನುಣುಪು ಮಾಡುತ್ತಾರೆ. ಉಜ್ಜುವುದು ತೆಂಗಿನ ನಾರಿನ ಕೈಗವಸಿನಿಂದ. ಬೇಲೂರಿನ ಕಾಫಿಯನ್ನು ತೆಂಗಿನ ನಾರೂ ಕಾಯುತ್ತದೆ ಎಂದು ಬಾಣಾವರದ ಗೆಳೆಯನಿಗೆ ಹೇಳಿದೆ. ಅವನು ಅದನ್ನು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಎರಡೂ ಹುಳಗಳು ಬೇಲಿ ನೋಡುವುದಿಲ್ಲ. ನನ್ನ ತಿಪ್ಪೆಯಲ್ಲಿ ಬೆಳೆದ ದುಂಬಿ ನನ್ನ ಮರಕ್ಕೇ ಹೋಗಬೇಕೆಂದೇನಿಲ್ಲ. ಪಕ್ಕದವರ ತೋಟದಲ್ಲಿ ಕೀಳದೆ ಬಿಟ್ಟ ಒಂದು ಬೋರರ್ ಗಿಡ ಅಕ್ಟೋಬರಿನಲ್ಲಿ ಹತ್ತು ಗಿಡದ ಪಾಲಾಗುತ್ತದೆ. ನೆರೆಯವರ ಹಕ್ಕಿನ ಬಗ್ಗೆ ಜುಮಾದ ಬಯಾನ್‌ನಲ್ಲಿ ಎಷ್ಟು ಸಲ ಕೇಳಿದ್ದೇವೆ. ನೆರೆಯವರು ಹಸಿದಿರಬಾರದು, ಅವರಿಗೆ ನಮ್ಮಿಂದ ತೊಂದರೆ ಆಗಬಾರದು ಎನ್ನುತ್ತೇವೆ. ನಮ್ಮ ತಿಪ್ಪೆಯನ್ನು ಆ ಲೆಕ್ಕದಲ್ಲಿ ನಾವು ಯಾರೂ ಸೇರಿಸಿಲ್ಲ. ಇದನ್ನು ಹೇಳಿದಾಗ ನಮ್ಮ ತರಗತಿಯ ಒಬ್ಬ ತಮಾಷೆ ಮಾಡಿದ: ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ತಿಂದದ್ದೆಲ್ಲ ನೆಟ್ಟವನ ಪಾಲಿಗೆ ಸದಕಾ ಎಂಬ ಹದೀಸ್ ಇದೆಯಲ್ಲ, ದುಂಬಿ ತಿಂದರೂ ಪುಣ್ಯವೇ ಅಲ್ಲವೇ ಎಂದು. ಇರಬಹುದು. ಆದರೆ ಪಕ್ಕದ ಮನೆಯವರ ಮರದಿಂದ, ಅವರನ್ನು ಕೇಳದೆ, ಸದಕಾ ಮಾಡಿಸುವ ಅಧಿಕಾರ ನನಗೆ ಯಾರು ಕೊಟ್ಟರು?

ಇದಕ್ಕೆ ಒಂದು ಆಕ್ಷೇಪ ಬಂತು, ಅದು ಗಟ್ಟಿಯಾದದ್ದು. ಬರದ ವರ್ಷಗಳಲ್ಲಿ ಅರಸೀಕೆರೆಯ ಸುತ್ತ ಒಣಗಿದ ತೆಂಗಿನ ಮರಗಳು ಎಷ್ಟೋ ಕಡೆ ಹಾಗೇ ನಿಂತವು, ಬಿದ್ದವು ಅಲ್ಲೇ ಕೊಳೆತವು. ದುಂಬಿಗೆ ಅವೇ ತವರುಮನೆ. ತೆಗೆಸಿ ಎಂದು ಹೇಳುವುದು ಸುಲಭ. ಕಡಿಯಲು ಆಳು, ಸಾಗಿಸಲು ಟ್ರ್ಯಾಕ್ಟರ್, ಎಲ್ಲಕ್ಕೂ ದುಡ್ಡು. ಕೊಬ್ಬರಿಯೇ ಇಲ್ಲದ ತೋಟದವನು ಎಲ್ಲಿಂದ ತರಬೇಕು? ಕಾಯಿ ತುಂಬಿದ ಕಾಫಿ ಗಿಡವನ್ನು ಕೀಳು ಎಂದರೆ ಎರಡೆಕರೆಯವನಿಗೆ ಕೈ ಬರುತ್ತದೆಯೇ? ಬರುವುದಿಲ್ಲ, ನಿಜ. ಅದಕ್ಕೇ ಇದು ಒಂದೊಂದು ಮನೆಯ ಕೆಲಸವಾಗಿ ಉಳಿಯಬಾರದು ಎಂದು ನಾನು ಹೇಳುವುದು. ಸತ್ತ ಮರ ತೆಗೆಸುವುದನ್ನು ಗ್ರಾಮ ಪಂಚಾಯಿತಿಯವರು ಚರಂಡಿ ಹೂಳು ತೆಗೆಸಿದಂತೆ ಊರಿನ ಕೆಲಸ ಎಂದು ನೋಡಬೇಕು. ದುಂಬಿ ಹಿಡಿಯುವ ಲಿಂಗಾಕರ್ಷಕ ಬಲೆಯಂತೂ ಒಬ್ಬರೇ ಕಟ್ಟುವಂಥದ್ದಲ್ಲ. ನಾಲ್ಕು ತೋಟದವರು ಕೂಡಿ ಕಟ್ಟಿದರೆ ಉಪಯೋಗ. ಒಬ್ಬನೇ ಕಟ್ಟಿ ಸರಿಯಾಗಿ ನೋಡಿಕೊಳ್ಳದಿದ್ದರೆ ಊರಿನ ದುಂಬಿಗೆಲ್ಲ ಅವನ ತೋಟದ ವಿಳಾಸ ಕೊಟ್ಟಂತೆ.

ಪಂಚಾಯಿತಿ ಯಾವಾಗ ಮಾಡುತ್ತದೋ ಗೊತ್ತಿಲ್ಲ. ನಮ್ಮ ಕಾಲೇಜು ಈ ದಸರಾ ರಜೆಯಲ್ಲೇ ಒಂದು ಕೆಲಸ ಮಾಡಬಹುದು. ನಮ್ಮಲ್ಲಿ ಬಾಣಾವರ, ಗಂಡಸಿ, ಜಾವಗಲ್, ಕಣಕಟ್ಟೆಯಿಂದ ಬರುವವರಿದ್ದೇವೆ. ಹಳೇಬೀಡು, ಬಿಕ್ಕೋಡು, ಅರೇಹಳ್ಳಿಯವರೂ ಇದ್ದಾರೆ. ತೆಂಗಿನ ಕಡೆಯವರು ಮನೆಯ ತಿಪ್ಪೆಯನ್ನು ಒಮ್ಮೆ ಮಗುಚಿ, ಎಷ್ಟು ಮರಿ, ಎಷ್ಟು ಕೋಶ ಸಿಕ್ಕಿತು ಎಂದು ಎಣಿಸಿ ಬರೆದುಕೊಂಡು ಬರಲಿ. ಕಾಫಿಯ ಕಡೆಯವರು ಹತ್ತಿರದ ತೋಟದಲ್ಲಿ ನೂರು ಅರೇಬಿಕಾ ಗಿಡ ನೋಡಿ, ಎಷ್ಟರ ಕಾಂಡದಲ್ಲಿ ಉಬ್ಬುಗೆರೆ ಇದೆ ಎಂದು ಬರೆದು ತರಲಿ. ಕಾಮರ್ಸ್‌ನವರು ತಮಗೇನು ಸಂಬಂಧ ಎನ್ನಬೇಡಿ, ಎಣಿಸುವುದು ನಿಮಗೇ ಚೆನ್ನಾಗಿ ಬರುತ್ತದೆ. ತೆಂಗಿಲ್ಲದ, ಕಾಫಿಯಿಲ್ಲದ ಪೇಟೆಯ ಗೆಳೆಯರು ಬೀದಿದೀಪದ ಕೆಳಗೆ ಬಿದ್ದದ್ದನ್ನು ಹೆಕ್ಕಿ ತರಬಹುದು. ಲ್ಯಾಬಿನ ಕಪಾಟಿನಲ್ಲಿ ಚೇಳು, ಏಡಿ, ಜಿರಳೆ, ಲಾಡಿಹುಳು ಎಲ್ಲ ಬಾಟಲಿಗಳಲ್ಲಿವೆ, ದುಂಬಿ ಇಲ್ಲ. ಎರಡು ಖಾಲಿ ಬಾಟಲಿ ಬೇಕೆಂದು ಸರ್ ಹತ್ತಿರ ಕೇಳಿದೆ. ತೊಳೆದು ಒಣಗಿಸಿ ಇಟ್ಟಿದ್ದಾರೆ, ಲೇಬಲ್ ಇಬ್ಬರು ಗೆಳೆಯರೇ ಬರೆಯಬೇಕಂತೆ.